ಬೈಕ್ ಹತ್ತಿಸುವ ಮುನ್ನ

ಹಾಜಿ ಅಲಿಯ ಪುನರ್ವಸತಿ ಸಂಸ್ಥೆಗೆ ಊರುಗೋಲಿನಲ್ಲಿ ಬರುವವರು, ವರ್ಲಿಯ ಅಂಧರ ಸಂಘದತ್ತ ಬಿಳಿಕೋಲು ಹಿಡಿದು ನಡೆಯುವವರು ಮುಂಬಯಿಗರಿಗೆ ಹೊಸಬರಲ್ಲ. ಅಂಥವರನ್ನು ಕಂಡು ಬೈಕ್ ನಿಲ್ಲಿಸುವವರ ಮನಸ್ಸು ದೊಡ್ಡದು. ಆದರೆ ಎಷ್ಟೋ ಜನ ಅವಸರದಲ್ಲಿ ತೋಳು ಹಿಡಿದೆಳೆದು ಕೂರಿಸಿಬಿಡುತ್ತಾರೆ.

ಹಾಗೆ ಮಾಡಬೇಡಿ. ಬರುತ್ತೀರಾ, ಹೇಗೆ ಹತ್ತುತ್ತೀರಿ, ಯಾವ ಕಡೆ ಬಲವಿದೆ ಎಂದು ಮೊದಲು ಕೇಳಿ. ಬೇಡವೆಂದರೆ ಬೇಸರ ಬೇಡ.

ಬೆನ್ನುಹುರಿಗೆ ಪೆಟ್ಟಾದವರ ವಿಷಯದಲ್ಲಂತೂ ಹೆಚ್ಚಿನ ಎಚ್ಚರ ಬೇಕು. ಕೆಲವರ ಕಾಲಿಗೆ ಸ್ಪರ್ಶವೇ ತಿಳಿಯುವುದಿಲ್ಲ. ಕಾದ ಸೈಲೆನ್ಸರ್ ಚರ್ಮ ಸುಟ್ಟರೂ ಗೊತ್ತಾಗದು. ಪಾದ ಫುಟ್‌ರೆಸ್ಟ್ ಮೇಲೆ ನಿಲ್ಲದಿದ್ದರೆ, ಸೊಂಟಕ್ಕೆ ಹಿಡಿತವಿಲ್ಲದಿದ್ದರೆ ಬೈಕ್ ಬೇಡವೇ ಬೇಡ. ದುಪಟ್ಟಾದಿಂದ ಕಟ್ಟಿಕೊಂಡು ಹೋಗುವುದು ಇನ್ನೂ ಅಪಾಯ, ಬಿದ್ದರೆ ಇಬ್ಬರೂ ಬಿಡಿಸಿಕೊಳ್ಳಲಾರರು. ಉಪನಗರದಲ್ಲಾದರೆ ರಿಕ್ಷಾ, ಮಾಹಿಮ್‌ನಿಂದ ದಕ್ಷಿಣಕ್ಕೆ ಟ್ಯಾಕ್ಸಿ ಕರೆದುಕೊಡಿ, ಅದೂ ಉಪಕಾರವೇ. ಊರುಗೋಲನ್ನು ಅಡ್ಡ ಹಿಡಿಸಬೇಡಿ, ಪಕ್ಕದ ವಾಹನಕ್ಕೆ ತಗಲುತ್ತದೆ.

ಕಣ್ಣು ಕಾಣದವರಿಗೆ ಸೀಟು, ಹಿಡಿಕೆ, ಸೈಲೆನ್ಸರ್ ಎಲ್ಲಿವೆಯೆಂದು ತಿಳಿಸಿ. ತಿರುವು, ಸ್ಪೀಡ್ ಬ್ರೇಕರ್, ಮಳೆಗಾಲದ ಗುಂಡಿಗಳನ್ನು ಮುಂಚೆಯೇ ಹೇಳುತ್ತಿರಿ. ಕಿವಿ ಕೇಳದವರೊಡನೆ ಹೊರಡುವ ಮೊದಲೇ ಸನ್ನೆ ಗೊತ್ತುಮಾಡಿಕೊಳ್ಳಿ. ಹೆಲ್ಮೆಟ್ ಹಾಕಿದ ಮೇಲೆ ತುಟಿಯ ಚಲನೆ ಕಾಣುವುದಿಲ್ಲ.

ಎರಡನೆಯ ಹೆಲ್ಮೆಟ್ ಇಲ್ಲದೆ ಯಾರನ್ನೂ ಹತ್ತಿಸಬೇಡಿ. 2022ರ ಜೂನ್‌ನಿಂದ ಮುಂಬಯಿ ಸಂಚಾರ ಪೊಲೀಸರು ಹಿಂಬದಿ ಸವಾರರಿಗೂ ಅದನ್ನು ಕಡ್ಡಾಯವಾಗಿ ಜಾರಿಗೊಳಿಸಿದ್ದಾರೆ. ಸ್ಟೇಷನ್ನಿಗೆ ಬಿಡುವುದಾದರೆ ಲಿಫ್ಟ್ ಅಥವಾ ಇಳಿಜಾರು ದಾರಿಯಿರುವ ಕಡೆಯೇ ಇಳಿಸಿ.