ಎಂಜಲ ತಟ್ಟೆ, ಹುಳಿ ಪಾತ್ರೆ ಮತ್ತು ಡಿಶ್‌ವಾಷರಿನ ಲೆಕ್ಕ

2025ರ ಸೆಪ್ಟೆಂಬರ್ 22ರಿಂದ ಡಿಶ್‌ವಾಷರ್ ಮೇಲಿನ ಜಿಎಸ್‌ಟಿ ಶೇಕಡಾ 28ರಿಂದ 18ಕ್ಕೆ ಇಳಿಯಿತು. ತೆರಿಗೆ ಬಿಟ್ಟು 35,000 ರೂಪಾಯಿಯ ಯಂತ್ರಕ್ಕೆ ಮೊದಲು 44,800 ಆಗುತ್ತಿತ್ತು, ಈಗ 41,300. ಉಳಿಯುವುದು ಮೂರೂವರೆ ಸಾವಿರ. ಅಲ್ಲಿಂದೀಚೆಗೆ ನಮ್ಮ ಚೆನ್ನೈನ ವೆಸ್ಟ್ ಮಾಂಬಲಂ, ತಿರುವಲ್ಲಿಕ್ಕೇಣಿ ಕಡೆಯ ಕನ್ನಡದ ಮನೆಗಳವರು ಸಿಕ್ಕಾಗಲೆಲ್ಲ ನನ್ನನ್ನು ಕೇಳುವುದು ಒಂದೇ: "ಈಗ ತಗೊಳ್ಳಬಹುದಾ?" ಅಂಗಡಿಯವರು ಮನೆಯಲ್ಲಿ ಎಷ್ಟು ಜನ ಎಂದು ವಿಚಾರಿಸುತ್ತಾರೆ. ನಾನು ಮೊದಲು ವಿಚಾರಿಸುವುದು ಬೇರೆ: ನಿಮ್ಮ ಮನೆಯಲ್ಲಿ ಯಾವ ಪಾತ್ರೆ ಯಾವುದರ ಜೊತೆ ಸೇರಬಾರದು? ಯಂತ್ರ ದಿನಕ್ಕೆ ಎಷ್ಟು ಸಲ ಓಡಬೇಕು, ಎಷ್ಟು ಪಾತ್ರೆ ಹೊಸದಾಗಿ ಕೊಳ್ಳಬೇಕು, ತಿಂಗಳಿಗೆ ಎಷ್ಟು ಖರ್ಚು ಎನ್ನುವುದೆಲ್ಲ ಆ ಉತ್ತರದ ಮೇಲೆ ನಿಂತಿದೆ.

ನಮ್ಮದು ಮಾಧ್ವರ ಮನೆ. ಅತ್ತೆಯವರಿಗೆ ಎಂಬತ್ತರ ಹತ್ತಿರ. ಏಕಾದಶಿ, ದ್ವಾದಶಿ ಪಾರಣೆ, ಚಾತುರ್ಮಾಸ್ಯ ಯಾವುದನ್ನೂ ಅವರು ಬಿಟ್ಟವರಲ್ಲ. ದೇವರ ನೈವೇದ್ಯಕ್ಕೆ ಅಡುಗೆ ಮಾಡುವ ಪಾತ್ರೆ ಬೇರೆ, ದಿನದ ಮುಸುರೆ ಪಾತ್ರೆ ಬೇರೆ, ಊಟ ಮಾಡಿದ ಎಂಜಲ ತಟ್ಟೆ ಬೇರೆ. ಮಗ ಹೊರಗಿನಿಂದ ಈರುಳ್ಳಿ-ಬೆಳ್ಳುಳ್ಳಿ ಹಾಕಿದ ತಿಂಡಿ ತರಿಸಿದ ದಿನ ಅವನ ತಟ್ಟೆ, ಚಮಚ ನಾಲ್ಕನೆಯ ಜಾತಿ. ಅತ್ತೆಯವರ ಮಣಿಕಟ್ಟಿನ ನೋವು ಹೆಚ್ಚಿ ಕುಕ್ಕರ್ ಎತ್ತುವುದೂ ಕಷ್ಟವಾದಾಗ ಡಿಶ್‌ವಾಷರ್ ಮಾತು ಮನೆಯಲ್ಲಿ ಬಂತು. ಅತ್ತೆ ಬೇಡ ಅನ್ನಲಿಲ್ಲ. ಯಂತ್ರ ಹೇಗೆ ಕೆಲಸ ಮಾಡುತ್ತದೆ ಎಂದು ಪೂರ್ತಿ ಕೇಳಿಸಿಕೊಂಡು ಹೇಳಿದರು: "ಎಂಜಲ ತಟ್ಟೆ ಮೇಲೆ ಬಿದ್ದ ನೀರೇ ಸುತ್ತಿ ಬಂದು ಹುಳಿ ಪಾತ್ರೆ ಮೇಲೂ ಬೀಳತ್ತೆ ಅಂತಾಯ್ತಲ್ಲಮ್ಮಾ?"

ಅವರು ಹಿಡಿದದ್ದು ಸರಿಯಾದ ಜಾಗವನ್ನೇ. ಡಿಶ್‌ವಾಷರ್ ಒಂದು ಸಲಕ್ಕೆ ಮೂರು-ನಾಲ್ಕು ಲೀಟರ್ ನೀರು ತುಂಬಿಕೊಂಡು, ಅದೇ ನೀರನ್ನು ಪಂಪಿನಿಂದ ಮತ್ತೆ ಮತ್ತೆ ಮೇಲಕ್ಕೆ ಚಿಮ್ಮಿಸುತ್ತದೆ. ಕೆಳಗಿನ ಜಾಲರಿಯಲ್ಲಿ ಅನ್ನದ ಅಗುಳು, ಬೇಳೆ, ಕರಿಬೇವು ನಿಲ್ಲುತ್ತವೆ, ನೀರು ಮತ್ತೆ ಮೇಲೇರುತ್ತದೆ. ಆಮೇಲೆ ಅದನ್ನು ಹೊರಹಾಕಿ ಹೊಸ ನೀರು ತೆಗೆದುಕೊಳ್ಳುತ್ತದೆ. ಕೊನೆಯ ಸಲ ಜಾಲಾಡುವುದು ಶುದ್ಧ ನೀರಿನಲ್ಲೇ ಆಗುತ್ತದೆ, ಆದರೆ ನಡುವಿನ ತೊಳೆತದಲ್ಲಿ ಎಲ್ಲ ಪಾತ್ರೆಗೂ ಒಂದೇ ನೀರು. ಹತ್ತು ಲೀಟರಿನಲ್ಲಿ ಇಷ್ಟು ಪಾತ್ರೆ ತೊಳೆಯಲು ಆಗುವುದು ಇದರಿಂದಲೇ. ನೀರು ಉಳಿಸುವ ಗುಣವೂ ಮಡಿಯವರ ಆಕ್ಷೇಪವೂ ಒಂದೇ ಕಡೆಯಿಂದ ಹುಟ್ಟಿದವು.

ಇದೇ ಆಕ್ಷೇಪವನ್ನು ನಮಗಿಂತ ಎಷ್ಟೋ ಮೊದಲು ಎತ್ತಿ, ವಾದಿಸಿ, ತೀರ್ಮಾನಗಳನ್ನು ಬರೆದಿಟ್ಟವರು ಯಹೂದಿಗಳು. ನ್ಯೂಜೆರ್ಸಿಯ ಎಡಿಸನ್‌ನಲ್ಲಿರುವ ಮಗಳ ಮನೆಗೆ ಹೋದಾಗ ಪಕ್ಕದ ಹೈಲ್ಯಾಂಡ್ ಪಾರ್ಕಿನ ಅವಳ ಸ್ನೇಹಿತೆಯ ಅಡುಗೆಮನೆ ನೋಡಿದೆ. ಕೋಷರ್ ಎಂಬ ಯಹೂದಿ ಆಹಾರ ನಿಯಮದ ಮನೆ. ಮಾಂಸ ಮತ್ತು ಹಾಲು ಸೇರುವಂತಿಲ್ಲ: ಊಟದಲ್ಲಷ್ಟೇ ಅಲ್ಲ, ಪಾತ್ರೆಯಲ್ಲಿ, ತೊಳೆಯುವ ಸಿಂಕಿನಲ್ಲಿ, ಒರೆಸುವ ಬಟ್ಟೆಯಲ್ಲಿ ಕೂಡ. ಎರಡು ಸಿಂಕು, ಎರಡು ಡಿಶ್‌ವಾಷರ್. ಸೌಟುಗಳ ಹಿಡಿಗೆ ಮಾಂಸದವಕ್ಕೆ ಕೆಂಪು ಪಟ್ಟಿ, ಹಾಲಿನವಕ್ಕೆ ನೀಲಿ. ಬಿಸಿ ತಗಲಿದಾಗ ಪಾತ್ರೆ ಒಳಗಿನ ಪದಾರ್ಥದ ರುಚಿಯನ್ನು ಹೀರುತ್ತದೆ ಎನ್ನುವುದು ಅವರ ಶಾಸ್ತ್ರದ ಆಧಾರ. ಡಿಶ್‌ವಾಷರಿನ ಒಳಗೆ ನೀರೂ ಬಿಸಿ, ಗಾಳಿಯೂ ಬಿಸಿ, ಎಲ್ಲಕ್ಕೂ ಒಂದೇ ಜಾಲರಿ. ಹಾಗಾಗಿ ಎರಡು ಯಂತ್ರ.

ಎರಡು ಯಂತ್ರ ಎಲ್ಲರ ಕೈಗೂ ಎಟುಕುವುದಿಲ್ಲವಲ್ಲ. ಅದಕ್ಕೂ ಅವರ ಪಂಡಿತರು ಉತ್ತರ ಕೊಟ್ಟಿದ್ದಾರೆ. ನ್ಯೂಯಾರ್ಕಿನಲ್ಲಿದ್ದ ರಬ್ಬಿ ಮೋಶೆ ಫೈನ್‌ಸ್ಟೈನ್, ಇಪ್ಪತ್ತನೆಯ ಶತಮಾನದ ದೊಡ್ಡ ಧರ್ಮಪಂಡಿತರಲ್ಲೊಬ್ಬರು, ಒಂದೇ ಯಂತ್ರ ಸಾಕು ಎಂದರು. ಆದರೆ ಮಾಂಸಕ್ಕೂ ಹಾಲಿಗೂ ರ‍್ಯಾಕ್ ಬೇರೆ ಬೇರೆ ಇರಬೇಕು, ನಡುವೆ ಒಮ್ಮೆ ಖಾಲಿ ಓಡಿಸಬೇಕು. ಇದಕ್ಕಿಂತ ಬಿಗಿ ಹಿಡಿದವರೂ ಇದ್ದಾರೆ, ಸಡಿಲ ಬಿಟ್ಟವರೂ ಇದ್ದಾರೆ. ಒಳಗಿನ ತೊಟ್ಟಿ ಸ್ಟೀಲಿನದಾಗಿದ್ದರೆ ಕುದಿನೀರಿನಿಂದ ಶುದ್ಧ ಮಾಡಿಕೊಳ್ಳಬಹುದು, ಪ್ಲಾಸ್ಟಿಕ್ಕಾದರೆ ಹಲವರು ಒಪ್ಪುವುದಿಲ್ಲ. ಲೋಹ ಶುದ್ಧವಾಗುತ್ತದೆ, ಮಣ್ಣಿನ ಪಾತ್ರೆ ಆಗುವುದಿಲ್ಲ ಎಂಬ ಮಾತನ್ನು ನಮ್ಮ ಅಜ್ಜಿಯರೂ ಹೇಳುತ್ತಿದ್ದರು. ಗ್ರಹಣ, ಸೂತಕ ಕಳೆದ ಮೇಲೆ ಹೊರಗೆ ಹೋಗುತ್ತಿದ್ದದ್ದು ಮಡಕೆ, ತಪ್ಪಲೆಯಲ್ಲ.

ಈ ಯಹೂದಿಗಳು ನಮ್ಮ ಚೆನ್ನೈಗೆ ಹೊಸಬರೂ ಅಲ್ಲ. ಹವಳ ತಂದು ವಜ್ರ ಕೊಂಡೊಯ್ಯುತ್ತಿದ್ದ ಯಹೂದಿ ವರ್ತಕರು ಹದಿನೇಳನೆಯ ಶತಮಾನದಲ್ಲೇ ಇಲ್ಲಿದ್ದರು. ಜಾರ್ಜ್ ಟೌನಿನ ಕೋರಲ್ ಮರ್ಚೆಂಟ್ ಸ್ಟ್ರೀಟಿನ ಹೆಸರಲ್ಲಿ, ಲಾಯ್ಡ್ಸ್ ರಸ್ತೆಯ ಸಣ್ಣ ಸ್ಮಶಾನದ ಹೀಬ್ರೂ ಅಕ್ಷರದ ಕಲ್ಲುಗಳಲ್ಲಿ ಅವರ ಗುರುತು ಉಳಿದಿದೆ. ಅತ್ತ ನ್ಯೂಯಾರ್ಕಿನ ಲೆಕ್ಸಿಂಗ್ಟನ್ ಅವೆನ್ಯೂದಲ್ಲಿ ಮದ್ರಾಸ್ ಮಹಲ್, ಪೊಂಗಲ್ ಮುಂತಾದ ನಮ್ಮ ಕಡೆಯ ಸಸ್ಯಾಹಾರಿ ಹೋಟೆಲುಗಳು ಕೋಷರ್ ಪ್ರಮಾಣಪತ್ರ ಪಡೆದು ದೋಸೆ ಹಾಕಿಕೊಟ್ಟವು. ಈ ಕಥೆಯನ್ನೆಲ್ಲ ನಾನು ಅತ್ತೆಗೆ ಹೇಳಿದೆ. ಬೇರೊಂದು ಧರ್ಮದ ಗೃಹಿಣಿಯರು ಇಷ್ಟು ಶ್ರದ್ಧೆಯಿಂದ ಪಾತ್ರೆ ಬೇರೆ ಮಾಡುತ್ತಾರೆ ಎಂದಾಗ ಅವರ ಮುಖ ಅರಳಿತು. "ಹಾಗಿದ್ರೆ ರ‍್ಯಾಕು ಎರಡು ಮಾಡಿಸು" ಎಂದರು.

ನಮ್ಮ ಮನೆಯ ಕ್ರಮ ಆ ಮಾತಿನಿಂದ ಹುಟ್ಟಿತು. ನೈವೇದ್ಯದ ಪಾತ್ರೆ ಯಂತ್ರಕ್ಕೆ ಹೋಗುವುದೇ ಇಲ್ಲ. ಅವು ನಾಲ್ಕೈದೇ, ಕೈಯಲ್ಲೇ ಬೆಳಗುತ್ತೇವೆ. ಅಡುಗೆಯ ಮುಸುರೆ ಪಾತ್ರೆಗಳದ್ದು ಮಧ್ಯಾಹ್ನದ ಸರದಿ. ತಟ್ಟೆ, ಲೋಟ, ಚಮಚ, ಹೊರಗಿನ ತಿಂಡಿಯ ಬಟ್ಟಲು ಎಲ್ಲ ರಾತ್ರಿ. ಕೆಳಗಿನ ರ‍್ಯಾಕ್ ಇನ್ನೊಂದನ್ನು ಬಿಡಿಭಾಗವಾಗಿ ತರಿಸಿದೆವು. ಬೆಳಿಗ್ಗೆ ಜಾಲರಿ ಬಿಚ್ಚಿ ತೊಳೆದು, ಬರೀ ಜಾಲಾಡುವ ಚಿಕ್ಕ ಪ್ರೋಗ್ರಾಮ್ ಒಮ್ಮೆ ಖಾಲಿ ಓಡಿಸಿ, ರ‍್ಯಾಕ್ ಬದಲಿಸುತ್ತೇವೆ. ಎರಡನೆಯ ಯಂತ್ರಕ್ಕೆ ಬೀಳುತ್ತಿದ್ದ 40,000ದ ಎದುರು ಎರಡನೆಯ ರ‍್ಯಾಕಿನ ಬೆಲೆ ಏನೇನೂ ಅಲ್ಲ. ಮಡಿ ಇರುವ ಮನೆಗಳಿಗೆ ನಾನು ಗಟ್ಟಿಯಾಗಿ ಹೇಳುವ ಸಲಹೆ ಇದು: ಯಂತ್ರ ಬರುವ ಮೊದಲು ಮನೆಯ ಹಿರಿಯರ ಜೊತೆ ಕೂತು ಈ ವಿಂಗಡಣೆ ಮುಗಿಸಿ. ಯಂತ್ರ ಬಂದ ಮೇಲೆ ಶುರುವಾದ ವಾದ ಮುಗಿಯುವುದಿಲ್ಲ. ಐವತ್ತು ಸಾವಿರದ ಯಂತ್ರ ಡಬ್ಬಿ ಇಡುವ ಕಪಾಟಾದ ಮನೆಗಳನ್ನು ನಾನು ಬಲ್ಲೆ.

ಕೊಳ್ಳುವಾಗ ನೋಡಬೇಕಾದ್ದು ಹೆಚ್ಚೇನಿಲ್ಲ. ಒಳಗಿನ ತೊಟ್ಟಿ ತಳವೂ ಸೇರಿ ಪೂರ್ತಿ ಸ್ಟೀಲ್ ಇರಬೇಕು. ಕೆಲವು ಮಾದರಿಗಳಲ್ಲಿ ಗೋಡೆ ಸ್ಟೀಲು, ತಳ ಪ್ಲಾಸ್ಟಿಕ್ಕು. ಅರಿಸಿನದ ಹಳದಿ, ಇಂಗಿನ ವಾಸನೆ ಅಲ್ಲಿ ಕೂತರೆ ಹೋಗುವುದಿಲ್ಲ. 13, 14 ಸೆಟ್ಟಿಂಗ್ ಎಂಬ ಅಳತೆ ಪಿಂಗಾಣಿ ತಟ್ಟೆಯವರದು. ನಮ್ಮ ಐದು ಲೀಟರ್ ಕುಕ್ಕರ್, ಬಾಣಲೆ, ಎರಡು ತಪ್ಪಲೆ ಇಟ್ಟರೆ ಕೆಳಗಿನ ರ‍್ಯಾಕ್ ಅಲ್ಲಿಗೆ ತುಂಬಿತು. ಚಿಕ್ಕದು ಸಾಕು ಎಂಬ ಮಾತಿಗೆ ಒಪ್ಪಬೇಡಿ. ಅತಿ ದೊಡ್ಡ ಪಾತ್ರೆಯೊಂದನ್ನು ಚೀಲದಲ್ಲಿ ಹಾಕಿಕೊಂಡು ಅಂಗಡಿಗೆ ಹೋಗಿ, ಇಟ್ಟು, ಬಾಗಿಲು ಮುಚ್ಚಿ ನೋಡಿ. ಮೇಲಿನ ರ‍್ಯಾಕ್ ಎತ್ತರ ಬದಲಿಸಲು ಬರುತ್ತದೆಯೇ, ಹೆಚ್ಚಿನ ರ‍್ಯಾಕ್ ಬಿಡಿಯಾಗಿ ಸಿಗುತ್ತದೆಯೇ ಎಂದೂ ಕೇಳಿ.

ಜಾಹೀರಾತಿನಲ್ಲಿ ಬರದ ಖರ್ಚೆಂದರೆ ಯಂತ್ರಕ್ಕೆ ಹೋಗದ ಪಾತ್ರೆಗಳದ್ದು. ಅಲ್ಯುಮಿನಿಯಂ ಕಪ್ಪಾಗುತ್ತದೆ. ಹಿತ್ತಾಳೆ, ತಾಮ್ರ ಬಣ್ಣಗೆಡುತ್ತವೆ. ಎಣ್ಣೆ ಕುಡಿದು ಹದವಾದ ಕಬ್ಬಿಣದ ಕಾವಲಿ ಒಂದೇ ತೊಳೆತಕ್ಕೆ ತುಕ್ಕು ಹಿಡಿಯುತ್ತದೆ. ಬಳಪದ ಕಲ್ಲಿನ ಪಾತ್ರೆ, ಸಾರಿಗೆಂದು ಇಟ್ಟುಕೊಂಡ ತವರದ ಚೊಂಬು, ಮರದ ಹಿಡಿಯ ಸಟ್ಟುಗ ಎಲ್ಲ ಹೊರಗೇ. ಹಳೆಯ ಅಲ್ಯುಮಿನಿಯಂ ಕುಕ್ಕರ್ ಬದಲು ಸ್ಟೀಲಿನದು, ಎರಡು ಸ್ಟೀಲ್ ತಪ್ಪಲೆ, ಒಂದು ಬಾಣಲೆ ಕೊಳ್ಳಲು ನಮಗೆ ಏಳೆಂಟು ಸಾವಿರ ಆಯಿತು. ಜಿಎಸ್‌ಟಿಯಲ್ಲಿ ಉಳಿದದ್ದರ ಎರಡರಷ್ಟು ಅಲ್ಲೇ ಹೋಯಿತು. ಇದನ್ನು ಯಂತ್ರದ ಬೆಲೆಗೇ ಸೇರಿಸಿ ಬರೆದುಕೊಳ್ಳಿ. ಅಜ್ಜಿ ಕಾಲದ ಹಿತ್ತಾಳೆ ಕೊಳದಪ್ಪಲೆಯನ್ನು ಮಾತ್ರ ಹಳೆ ಪಾತ್ರೆ ಕೊಟ್ಟು ಹೊಸದು ಒಯ್ಯಿರಿ ಎನ್ನುವವರಿಗೆ ತೂಕಕ್ಕೆ ಹಾಕಬೇಡಿ. ಹಳೆಯದಕ್ಕೆ ಸಿಗುವುದು ಗುಜರಿ ದರ, ಅದೇ ಬಗೆಯದನ್ನು ಮತ್ತೆ ಕೊಳ್ಳಲು ಹೋದರೆ ತೆರುವುದು ಮಜೂರಿಯೂ ಸೇರಿದ ದರ.

ಇನ್ನು ನೀರು. 2019ರ ಜೂನಿನಲ್ಲಿ ಪೂಂಡಿ, ಚೋಳವರಂ, ರೆಡ್ ಹಿಲ್ಸ್, ಚೆಂಬರಂಬಾಕ್ಕಂ ನಾಲ್ಕೂ ಜಲಾಶಯಗಳು ಬತ್ತಿ ಊರೆಲ್ಲ ಕೊಡ ಹಿಡಿದು ಟ್ಯಾಂಕರ್ ಲಾರಿ ಕಾದದ್ದನ್ನು ನಾವು ಮರೆತಿಲ್ಲ. ಕೈಯಲ್ಲಿ ತಿಕ್ಕಿ ಹರಿಯುವ ನಲ್ಲಿಗೆ ಹಿಡಿದರೆ ಅಷ್ಟೇ ಪಾತ್ರೆಗೆ ಹತ್ತು ಲೀಟರ್ ಎಲ್ಲಿ ಸಾಲುತ್ತದೆ? ಆ ದೃಷ್ಟಿಯಿಂದ ಈ ಊರಿಗೆ ಯಂತ್ರ ಒಳ್ಳೆಯದೇ. ಆದರೆ ಬೋರ್ ನೀರಿನ ಗಡಸು ಅದರ ಶತ್ರು. ಕ್ಯಾಲ್ಸಿಯಂ, ಮೆಗ್ನೀಸಿಯಂ ಲೋಟದ ಮೇಲೆ ಬಿಳಿ ಪೊರೆ ಕಟ್ಟುತ್ತವೆ, ಬಿಸಿ ಮಾಡುವ ಭಾಗದಲ್ಲಿ ಪದರ ಕೂರುತ್ತದೆ. ಯಂತ್ರದೊಳಗಿನ ರಾಳದ ಹರಳುಗಳು ಅವನ್ನು ಹಿಡಿದು ಸೋಡಿಯಂ ಬಿಟ್ಟುಕೊಡುತ್ತವೆ. ಹಿಡಿದು ಹಿಡಿದು ದಣಿದಾಗ ಅವನ್ನು ಚೇತರಿಸುವುದು ಉಪ್ಪು. ಅಡುಗೆಯ ಅಯೋಡೈಸ್ಡ್ ಪುಡಿ ಉಪ್ಪು ಹಾಕಬಾರದು. ಡಿಶ್‌ವಾಷರ್ ಉಪ್ಪೇ ಬೇಕು. ನಿಮ್ಮ ಕಟ್ಟಡದ ನೀರು ಪರೀಕ್ಷೆ ಮಾಡಿಸಿ, ಗಡಸಿನ ಮಟ್ಟಕ್ಕೆ ತಕ್ಕಂತೆ ಯಂತ್ರದ ಅಂಕಿ ಇಡಿಸಿ. ಅದನ್ನು ಮಾಡದೆ ಯಂತ್ರ ಸರಿ ಇಲ್ಲ ಎಂದು ಬಯ್ದು ಫಲವಿಲ್ಲ.

ದಿನದ ಖರ್ಚು ನಮ್ಮ ಮನೆಯಲ್ಲಿ ಹೀಗೆ ಬೀಳುತ್ತದೆ. ಒಂದು ತೊಳೆತಕ್ಕೆ ಹೆಚ್ಚುಕಡಿಮೆ ಒಂದು ಯೂನಿಟ್ ಕರೆಂಟು, ಏಳೆಂಟು ರೂಪಾಯಿ. ಸೋಪಿನ ಮಾತ್ರೆ ಹಾಕಿದರೆ ಹದಿನೈದು. ಉಪ್ಪು, ಹೊಳಪಿನ ದ್ರವ ಎಲ್ಲ ಸೇರಿ ಐದು. ಎರಡು ಸರದಿಗೆ ಐವತ್ತು ದಾಟುತ್ತದೆ, ತಿಂಗಳಿಗೆ ಸಾವಿರದ ಆರುನೂರರ ಸುತ್ತ. ಕರೆಂಟಿಗಿಂತ ಸೋಪಿಗೆ ಹೆಚ್ಚು ಹೋಗುತ್ತದೆ ಎಂಬುದನ್ನು ಗಮನಿಸಿ. ನಾವು ಮಾತ್ರೆ ಬಿಟ್ಟು ಪುಡಿಗೆ ಬಂದೆವು. ತಟ್ಟೆಗಳ ಸರದಿಗೆ ಪುಡಿ ಅರ್ಧವೇ ಸಾಕು, ನೀರು 50 ಡಿಗ್ರಿ ಸಾಕು. 70 ಡಿಗ್ರಿಯ ಕಡಾಯಿ ಪ್ರೋಗ್ರಾಮ್ ಮುಸುರೆ ಪಾತ್ರೆಗೆ ಮಾತ್ರ. ಕರೆಂಟಿನಲ್ಲಿ ಎಚ್ಚರ ಬೇಕಾದ್ದು ಬೇರೆ ಕಡೆ. ತಮಿಳುನಾಡಿನಲ್ಲಿ ಬಿಲ್ಲು ಎರಡು ತಿಂಗಳಿಗೊಮ್ಮೆ, ಮೊದಲ ಒಂದಷ್ಟು ಯೂನಿಟ್ ಉಚಿತ. 500 ದಾಟಿತೆಂದರೆ ಕೆಳಗಿನ ಯೂನಿಟ್ಟುಗಳ ದರವೂ ಮೇಲಕ್ಕೆ ಹೋಗುತ್ತದೆ. ದಿನಕ್ಕೆರಡು ತೊಳೆತವೆಂದರೆ ಎರಡು ತಿಂಗಳಿಗೆ 120 ಯೂನಿಟ್. ಈಗಾಗಲೇ 400ರ ಮೇಲಿರುವ ಮನೆಯವರು ಈ ಲೆಕ್ಕ ಹಾಕಿಯೇ ಕೊಳ್ಳಬೇಕು.

ಹಾಗಾದರೆ ಉಳಿತಾಯ ಎಲ್ಲಿ? ದುಡ್ಡಿನಲ್ಲಿ ಉಳಿತಾಯ ಇಲ್ಲ ಎಂದೇ ನನ್ನ ಉತ್ತರ. "ಕೆಲಸದವಳನ್ನು ಬಿಡಿಸಬಹುದಲ್ಲ" ಎಂದು ಕೆಲವರು ಸಲಹೆ ಕೊಡುತ್ತಾರೆ. ನಮ್ಮ ಮನೆಗೆ ವರ್ಷಗಳಿಂದ ಬರುವ ಹೆಂಗಸು ಹಿತ್ತಲ ನಲ್ಲಿಯಲ್ಲಿ ಪಾತ್ರೆ ತೊಳೆದಿಟ್ಟರೆ, ಅದರ ಮೇಲೆ ಮತ್ತೊಮ್ಮೆ ನೀರು ಹಾಕಿ ಒಳಗೆ ತೆಗೆದುಕೊಳ್ಳುವ ಪದ್ಧತಿ ಇತ್ತು. ಅವಳ ಕಣ್ಣೆದುರೇ ಹಾಗೆ ಮಾಡುವುದು ನನಗೆ ಸಂಕಟವಾಗುತ್ತಿತ್ತು. ಪಾತ್ರೆಗೂ ಪಾತ್ರೆಗೂ ನಡುವೆ ಭೇದ ಇಟ್ಟುಕೊಳ್ಳುವುದು ವ್ರತ. ತೊಳೆದ ಕೈಗೆ ಭೇದ ಮಾಡುವುದನ್ನು ನಾನು ವ್ರತ ಅನ್ನಲಾರೆ. ಈಗ ಮುಸುರೆ ಪಾತ್ರೆಯನ್ನು ಯಂತ್ರದೊಳಗೆ ಜೋಡಿಸುವವಳೂ ಅವಳೇ, ತೊಳೆದದ್ದನ್ನು ತೆಗೆದು ಕಪಾಟಿಗೆ ಇಡುವವಳೂ ಅವಳೇ. ಅತ್ತೆ ಮೊದಲ ಕೆಲವು ದಿನ ಸುಮ್ಮನೆ ನೋಡಿದರು, ಆಮೇಲೆ ಯಾವ ತಪ್ಪಲೆ ಯಾವ ರ‍್ಯಾಕಿಗೆ ಎಂದು ತಾವೇ ಹೇಳಿಕೊಡತೊಡಗಿದರು. ಅವಳ ಸಂಬಳ ಮೊದಲಿನಷ್ಟೇ ಇದೆ. ಅಡುಗೆಮನೆಯಲ್ಲಿ ಉಳಿಯುವ ಸಮಯದಲ್ಲಿ ಅವಳು ಅತ್ತೆಯ ಕೈಗೆ ಎಣ್ಣೆ ತಿಕ್ಕಿ ಬಿಸಿನೀರಿನ ಶಾಖ ಕೊಡುತ್ತಾಳೆ. ಆ ಕೆಲಸಕ್ಕೆಂದು ತಿಂಗಳಿಗೆ ಐನೂರು ಹೆಚ್ಚು ಕೊಡುತ್ತಿದ್ದೇವೆ, ಅದೂ ನಮ್ಮ ಡಿಶ್‌ವಾಷರ್ ಖರ್ಚಿನ ಪಟ್ಟಿಯಲ್ಲೇ ಇದೆ.