ಅಡುಗೆಮನೆಯ ಫೇಸ್ ಪ್ಯಾಕ್: ಹಚ್ಚುವ ಮೊದಲು ಸ್ವಲ್ಪ ಕೆಮಿಸ್ಟ್ರಿ

ಕಾಲೇಜ್ ಡೇ ಹತ್ತಿರ ಬಂತೆಂದರೆ ನಮ್ಮ ಹಾಸ್ಟೆಲುಗಳಲ್ಲಿ ಫೇಸ್ ಪ್ಯಾಕಿನ ಸೀಸನ್ ಶುರು. ಹುಡುಗಿಯರು ಮಾತ್ರ ಅಂದುಕೊಳ್ಳಬೇಡಿ, ಹುಡುಗರೂ ಕಮ್ಮಿಯೇನಿಲ್ಲ. ಪಾರ್ಲರ್ ದುಬಾರಿ, ಕಡಲೆ ಹಿಟ್ಟು, ಮೊಸರು, ಅರಶಿನ ಕೈಗೆ ಸಿಗುವಂಥದ್ದು. "ನ್ಯಾಚುರಲ್ ಅಲ್ವಾ ಮಾರಾಯ್ರೆ, ಏನೂ ಆಗುದಿಲ್ಲ" ಅನ್ನುವ ಧೈರ್ಯ ಬೇರೆ. ಆದರೆ ಹೊಟ್ಟೆಗೆ ಒಳ್ಳೆಯದಾದದ್ದೆಲ್ಲ ಮುಖಕ್ಕೂ ಒಳ್ಳೆಯದು ಅಂತೇನಿಲ್ಲ. ಯಾವುದು ಹೌದು, ಯಾವುದು ಅಲ್ಲ, ಯಾಕೆ ಅಂತ ನೋಡೋಣ.

ಮೊದಲು ಪಿಎಚ್

ನಮ್ಮ ಚರ್ಮದ ಮೇಲ್ಮೈ ಸ್ವಲ್ಪ ಆಮ್ಲೀಯ, ಪಿಎಚ್ ಸುಮಾರು 5. ಮೊಸರಿನದ್ದು 4.5ರ ಆಸುಪಾಸು, ಹಾಗಾಗಿ ಹೆಚ್ಚಿನವರಿಗೆ ಒಗ್ಗುತ್ತದೆ. ಲಿಂಬೆರಸದ್ದು 2ರಿಂದ 2.5. ಪಿಎಚ್ ಲಾಗರಿದಮ್ ಅಳತೆ ಅನ್ನುವುದು ನೆನಪಿದೆಯಲ್ಲ? ಪಿಎಚ್ 2 ಇರುವ ದ್ರಾವಣ 5 ಇರುವುದಕ್ಕಿಂತ 1000 ಪಟ್ಟು ಹೆಚ್ಚು ಆಮ್ಲೀಯ. ಅಡುಗೆ ಸೋಡಾ ಇದಕ್ಕೆ ವಿರುದ್ಧ, 8ರ ಮೇಲೆ. ಈ ಎರಡೂ ಚರ್ಮದ ಹೊರಪದರವನ್ನು ಕೆಡಿಸುತ್ತವೆ.

ಇದನ್ನು ನೋಡಲು ಲ್ಯಾಬ್ ಬೇಡ. ಆರತಿಗೆ ಓಕುಳಿ ನೀರು ಮಾಡುವಾಗ ಅರಶಿನಕ್ಕೆ ಸುಣ್ಣ ಸೇರಿದ ಕೂಡಲೇ ಕೆಂಪಾಗುತ್ತದಲ್ಲ, ಅದೇ ಪ್ರಯೋಗ. ಅರಶಿನದಲ್ಲಿರುವ ಕರ್ಕ್ಯುಮಿನ್ ಕ್ಷಾರ ಸಿಕ್ಕಿದರೆ ಕೆಂಪಗಾಗುತ್ತದೆ. ಅರಶಿನ ನೀರಿಗೆ ನಿಮ್ಮ ಸೋಪಿನ ನೊರೆ ಒಂದಿಷ್ಟು ಹಾಕಿ ನೋಡಿ. ಕೆಂಪಾದರೆ ಆ ಸೋಪು ಕ್ಷಾರೀಯ. ಪ್ಯಾಕ್ ತೊಳೆಯುವಾಗ ಅದನ್ನು ಬಳಸಬೇಡಿ, ಬರೀ ನೀರು ಸಾಕು.

ಲಿಂಬೆ ಹಚ್ಚಿ ಕಾಪು ಬೀಚಿಗೆ ಹೋಗಬೇಡಿ

ಲಿಂಬೆಯಲ್ಲಿ, ಅದರಲ್ಲೂ ಸಿಪ್ಪೆಯಲ್ಲಿ, ಫ್ಯೂರೋಕೌಮರಿನ್ ಎಂಬ ವಸ್ತುಗಳಿವೆ. ಅವು ಚರ್ಮದ ಮೇಲಿರುವಾಗ ಬಿಸಿಲಿನ ಅಲ್ಟ್ರಾವೈಲೆಟ್ ಕಿರಣ ಬಿದ್ದರೆ ಸುಟ್ಟ ಗಾಯದಂತೆ ಆಗುತ್ತದೆ. ತಕ್ಷಣ ಗೊತ್ತಾಗುವುದಿಲ್ಲ. ಒಂದೆರಡು ದಿನ ಬಿಟ್ಟು ಕೆಂಪಗಾಗಿ, ಗುಳ್ಳೆ ಎದ್ದು, ಆಮೇಲೆ ಕಪ್ಪು ಕಲೆ ತಿಂಗಳುಗಟ್ಟಲೆ ಉಳಿಯಬಹುದು. ಕಾಪುವಿನ ದೀಪಸ್ತಂಭದ ಬುಡದಲ್ಲಿ ಮಧ್ಯಾಹ್ನದ ಬಿಸಿಲು ಹೇಗಿರುತ್ತದೆ ಅಂತ ನಮಗೆಲ್ಲ ಗೊತ್ತು. ಕಲೆ ಹೋಗಲಿ ಅಂತ ಹಚ್ಚಿದ ಲಿಂಬೆಯೇ ಕಲೆ ತಂದೀತು. ಲಿಂಬೆ ಶರಬತ್ತಿಗೆ ಇರಲಿ.

ಅರಶಿನ ನೋಡಿ ಆರಿಸಿ

ಬಿಡಿಯಾಗಿ ಸಿಗುವ ಹುಡಿಯಲ್ಲಿ ಕೃತಕ ಬಣ್ಣ ಬೆರೆತಿರಬಹುದು. ಒಂದು ಗ್ಲಾಸ್ ನೀರಿಗೆ ಒಂದು ಚಮಚ ಹುಡಿ ಹಾಕಿ ಬಿಡಿ. ಒಳ್ಳೆಯದಾದರೆ ಹುಡಿ ತಳಕ್ಕೆ ಇಳಿದು ನೀರು ತಿಳಿ ಹಳದಿಯಾಗುತ್ತದೆ. ನೀರು ಗಾಢ ಹಳದಿಯಾದರೆ ಸಂಶಯ. ಮುಖಕ್ಕೆ ಒಂದು ಚಿಟಿಕೆ ಸಾಕು. ಕರ್ಕ್ಯುಮಿನ್ ನೀರಿನಲ್ಲಿ ಕರಗುವುದು ತೀರಾ ಕಡಿಮೆ, ಎಣ್ಣೆಯಲ್ಲಿ ಕರಗುತ್ತದೆ. ಮುಖ ಹಳದಿಯಾಗಿ ಉಳಿದರೆ ಉಜ್ಜಬೇಡಿ, ಹತ್ತಿಗೆ ಎರಡು ಹನಿ ತೆಂಗಿನೆಣ್ಣೆ ಹಾಕಿ ಒರೆಸಿ.

ಮೂರು ಸುಲಭ ಪ್ಯಾಕ್

1. ಎಣ್ಣೆ ಮುಖಕ್ಕೆ: ಕಡಲೆ ಹಿಟ್ಟು 2 ಚಮಚ, ಮೊಸರು 2 ಚಮಚ, ಅರಶಿನ ಒಂದು ಚಿಟಿಕೆ. ಹಿಟ್ಟು ಜಿಡ್ಡನ್ನು ಹೀರುತ್ತದೆ. ದೀಪಾವಳಿಯ ಎಣ್ಣೆ ಸ್ನಾನಕ್ಕೆ ಕಡಲೆ ಹಿಟ್ಟು ಬಳಸುವುದೂ ಇದಕ್ಕೇ.
2. ಒಣ ಚರ್ಮಕ್ಕೆ: ಹೆಸರು ಹಿಟ್ಟು 2 ಚಮಚ, ಹಾಲು 2 ಚಮಚ, ಜೇನು ಅರ್ಧ ಚಮಚ. ಜೇನು ತೇವವನ್ನು ಹಿಡಿದಿಡುತ್ತದೆ.
3. ಬಿಸಿಲಲ್ಲಿ ತಿರುಗಿ ಬಂದಾಗ: ತುರಿದ ಮುಳ್ಳುಸೌತೆ 2 ಚಮಚ, ತಣ್ಣಗಿನ ಮೊಸರು 1 ಚಮಚ. ಇದು ತಂಪು ಕೊಡುತ್ತದೆ ಅಷ್ಟೆ, ಸನ್‌ಸ್ಕ್ರೀನಿನ ಕೆಲಸ ಮಾಡುವುದಿಲ್ಲ.

ಮೆಸ್ಸಿನ ಮೊಸರಾದರೆ ಉಪ್ಪು ಹಾಕಿದ್ದಾರಾ ಅಂತ ಮೊದಲು ರುಚಿ ನೋಡಿ. ಉಳಿದ ಪ್ಯಾಕ್ ಮರುದಿನಕ್ಕೆ ಇಡಬೇಡಿ. ನಮ್ಮ ಕರಾವಳಿಯ ಸೆಕೆಗೆ ಅದು ಬೇಗ ಹಾಳಾಗುತ್ತದೆ.

ಹಚ್ಚುವ ಕ್ರಮ

ಕಾರ್ಕಳದ ಬಾಹುಬಲಿಗೆ ಮಹಾಮಸ್ತಕಾಭಿಷೇಕದಲ್ಲಿ ಎಳನೀರು, ಹಾಲು, ಅರಶಿನ, ಗಂಧ ಎಲ್ಲ ಸುರಿಯುತ್ತಾರೆ. 1432ರಲ್ಲಿ ನಿಲ್ಲಿಸಿದ ಏಕಶಿಲೆ ಅದು, ತಡೆಯುತ್ತದೆ. ನಮ್ಮದು ಕಲ್ಲಲ್ಲ, ಚರ್ಮ. ಹೊಸದೇನನ್ನೇ ಆದರೂ ಮೊದಲು ಮೊಣಕೈಯ ಒಳಬದಿಗೆ ಹಚ್ಚಿ, ತೊಳೆದು, ಒಂದು ದಿನ ಕಾಯಿರಿ. ತುರಿಕೆ, ಕೆಂಪು ಬಂದರೆ ಅದು ನಿಮಗಲ್ಲ. ಮುಖದಲ್ಲಿ 10–15 ನಿಮಿಷ ಸಾಕು. ಪೂರ್ತಿ ಒಣಗಿ ಬಿರುಕು ಬಿಡುವ ತನಕ ಕಾಯಬೇಡಿ. ವಾರಕ್ಕೊಮ್ಮೆ ಧಾರಾಳ. ಶೇವ್ ಮಾಡಿದ ದಿನ, ಗಾಯ ಅಥವಾ ಕೀವು ಇರುವ ಮೊಡವೆ ಇರುವಾಗ ಬೇಡ.

ಬೆಳ್ಳಗಾಗುತ್ತೇವಾ?

ಇಲ್ಲ. ಬಣ್ಣ ಕೊಡುವ ಮೆಲನಿನ್ ಹುಟ್ಟುವುದು ಚರ್ಮದ ಒಳಪದರದಲ್ಲಿ. ಪ್ಯಾಕ್ ಮೇಲಿನ ಜಿಡ್ಡು, ಧೂಳನ್ನಷ್ಟೇ ತೆಗೆಯುತ್ತದೆ. ಕಪ್ಪಗಿರುವುದು ಕಾಯಿಲೆಯೂ ಅಲ್ಲ. ಫೇರ್ ಅಂಡ್ ಲವ್ಲಿ ಕೂಡ 2020ರಲ್ಲಿ ತನ್ನ ಹೆಸರಿನಿಂದ 'ಫೇರ್' ತೆಗೆದುಹಾಕಿತು. ಪ್ಯಾಕಿನಿಂದ ಬೆಳ್ಳಗಾಗಲಿಲ್ಲ ಅಂತ ಮೆಡಿಕಲಿನಿಂದ ಸಿಕ್ಕಿದ ಕ್ರೀಮ್ ತಂದು ಹಚ್ಚುವುದು ಎಲ್ಲಕ್ಕಿಂತ ಅಪಾಯ. ಸ್ಟೀರಾಯ್ಡ್ ಇರುವ ಕ್ರೀಮುಗಳು ಚರ್ಮವನ್ನು ತೆಳ್ಳಗೆ ಮಾಡುತ್ತವೆ, ಮೊಡವೆ ಹೆಚ್ಚಿಸುತ್ತವೆ. 2018ರಲ್ಲಿ ಕೇಂದ್ರ ಸರ್ಕಾರ ಇಂಥ ಹಲವನ್ನು ವೈದ್ಯರ ಚೀಟಿ ಇಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಿದೆ. ಮೊಡವೆ, ಕಲೆ ಕಾಡುತ್ತಿದ್ದರೆ ಚರ್ಮದ ಡಾಕ್ಟರನ್ನು ಕಾಣಿ. ಉಡುಪಿ, ಮಣಿಪಾಲದಲ್ಲಿರುವ ನಮಗೆ ಅದು ದೂರವೇನಲ್ಲ.