ಸೂಯೆಜ್ ಕಾಲುವೆಯೂ ನಮ್ಮ ಲೆಕ್ಕಪತ್ರವೂ

ಮೆಡಿಟರೇನಿಯನ್ ಸಮುದ್ರವನ್ನು ಕೆಂಪು ಸಮುದ್ರಕ್ಕೆ ಜೋಡಿಸುವ ಸೂಯೆಜ್ ಕಾಲುವೆಯು ಈಜಿಪ್ಟಿನಲ್ಲಿ 1869ರ ನವೆಂಬರ್ 17ರಂದು ಸಂಚಾರಕ್ಕೆ ತೆರೆಯಿತು. ಉದ್ದ ಸುಮಾರು 193 ಕಿ.ಮೀ. ಇದು ಮುಚ್ಚಿದರೆ ಏಷ್ಯಾದಿಂದ ಯುರೋಪಿಗೆ ಹೊರಟ ಹಡಗು ಇಡೀ ಆಫ್ರಿಕಾವನ್ನು ಸುತ್ತಬೇಕು. ಹತ್ತರಿಂದ ಹದಿನಾಲ್ಕು ದಿನ ಹೆಚ್ಚು ತಗಲುತ್ತದೆ. ಕೊಡಗು, ಚಿಕ್ಕಮಗಳೂರುಗಳ ಕಾಫಿ ಇಟಲಿಗೆ ಹೋಗುವ ಹತ್ತಿರದ ದಾರಿಯೂ ಇದೇ. 1967ರ ಯುದ್ಧದ ನಂತರ ಎಂಟು ವರ್ಷ ಕಾಲುವೆ ಮುಚ್ಚಿತ್ತು.

2021ರ ಮಾರ್ಚ್ 23ರಂದು 400 ಮೀಟರ್ ಉದ್ದದ ‘ಎವರ್ ಗಿವನ್’ ಹಡಗು ಅಡ್ಡಲಾಗಿ ಸಿಕ್ಕಿಕೊಂಡು ಆರು ದಿನ ಸಂಚಾರ ನಿಂತಿತು. ವ್ಯಾಪಾರಸ್ಥರು ಗಮನಿಸಬೇಕಾದುದು ಅನಂತರದ ಸಂಗತಿ. ಹಡಗಿನ ಮಾಲೀಕರು ‘ಜನರಲ್ ಆವರೇಜ್’ ಘೋಷಿಸಿದರು. ಹಡಗು ಮತ್ತು ಸರಕಿನ ಸಮಾನ ರಕ್ಷಣೆಗಾಗಿ ಮಾಡಿದ ಅಸಾಧಾರಣ ವೆಚ್ಚವನ್ನು, ಉಳಿದ ಸ್ವತ್ತಿನ ಮೌಲ್ಯಾನುಸಾರ ಎಲ್ಲರೂ ಹಂಚಿಕೊಳ್ಳುವ ಪುರಾತನ ನಿಯಮವಿದು. ತಮ್ಮ ಸರಕಿಗೆ ಗೀರೂ ಬಿದ್ದಿಲ್ಲವೆಂದರೆ ವಿನಾಯಿತಿಯಿಲ್ಲ. ವಿಮೆಯಿದ್ದರೆ ವಿಮಾ ಸಂಸ್ಥೆಯು ಖಾತರಿಪತ್ರ ಕೊಡುತ್ತದೆ. ಇಲ್ಲದಿದ್ದರೆ ಸರಕಿನ ಒಡೆಯನೇ ನಗದು ಠೇವಣಿ ಕಟ್ಟಿ ಬಿಡಿಸಿಕೊಳ್ಳಬೇಕು. ಪ್ರೀಮಿಯಂ ಉಳಿಸಲೆಂದು ವಿಮೆ ಮಾಡಿಸದವರ ಉಳಿತಾಯವೆಲ್ಲ ಇಲ್ಲಿ ಕರಗುತ್ತದೆ.

ಆದರೆ ವಿಮೆಯೂ ಸರ್ವರೋಗಕ್ಕೆ ಮದ್ದಲ್ಲ. 1963ರ ಸಾಗರ ವಿಮಾ ಅಧಿನಿಯಮದ 55ನೆಯ ಕಲಮಿನ ಪ್ರಕಾರ, ಪಾಲಿಸಿಯಲ್ಲಿ ಬೇರೆ ರೀತಿ ಹೇಳಿರದಿದ್ದರೆ, ವಿಳಂಬದಿಂದಾದ ನಷ್ಟಕ್ಕೆ ವಿಮೆಗಾರ ಹೊಣೆಯಲ್ಲ. ಹಬ್ಬದ ಮಾರಾಟಕ್ಕೆ ಕಳಿಸಿದ ಮಾಲು ಹಬ್ಬ ಮುಗಿದ ಮೇಲೆ ತಲುಪಿದರೆ ಪರಿಹಾರ ಸಿಗದು.

2023ರ ಕೊನೆಯಲ್ಲಿ ಕೆಂಪು ಸಮುದ್ರದಲ್ಲಿ ಹೂತಿ ದಾಳಿಗಳು ಆರಂಭವಾದಾಗ ಬಹುಪಾಲು ಕಂಟೇನರ್ ಹಡಗುಗಳು ಗುಡ್‌ಹೋಪ್ ಭೂಶಿರದ ದಾರಿ ಹಿಡಿದವು. ಸಾಗಾಣಿಕೆ ದರ ಏರಿತು. ಎಫ್.ಒ.ಬಿ. ಕರಾರಿನಲ್ಲಿ ಈ ಏರಿಕೆ ಕೊಳ್ಳುವವನದು. ಸಿ.ಐ.ಎಫ್. ದರ ಮೊದಲೇ ಒಪ್ಪಿಕೊಂಡ ಮಾರಾಟಗಾರನಿಗೆ ಅದು ಸ್ವಂತ ಲಾಭದಿಂದ ತೆರಬೇಕಾದ ಬಾಬತ್ತು.

ಬಡ್ಡಿಯನ್ನೂ ಲೆಕ್ಕ ಹಾಕೋಣ. 25 ಲಕ್ಷ ರೂಪಾಯಿಯ ರವಾನೆಯ ಹಣ ಹದಿನಾಲ್ಕು ದಿನ ತಡವಾದರೆ, ಶೇ. 10ರ ಬಡ್ಡಿಯಲ್ಲಿ ಸುಮಾರು 9,590 ರೂ. ಅಲ್ಪವೆನಿಸಬಹುದು. ಶೇ. 3ರ ಲಾಭ, ಅಂದರೆ 75,000 ರೂ. ಗಳಿಸುವವನಿಗೆ ಅದು ಎಂಟನೆಯ ಒಂದು ಪಾಲು.

ಆದುದರಿಂದ ಯುರೋಪಿಗೆ ಸಿ.ಐ.ಎಫ್. ದರ ನೀಡುವವರು, ದಾರಿ ಬದಲಾವಣೆಯ ಹೆಚ್ಚುವರಿ ಶುಲ್ಕವನ್ನು ಯಾರು ಭರಿಸಬೇಕೆಂದು ಕರಾರಿನಲ್ಲೇ ಬರೆಸಿಕೊಳ್ಳುವುದು ಉಚಿತ. ಯುದ್ಧದ ಅಪಾಯವು ಸಾಮಾನ್ಯ ಪಾಲಿಸಿಯಲ್ಲಿ ಸೇರಿರುವುದಿಲ್ಲ. ಅದಕ್ಕೆ ಪ್ರತ್ಯೇಕ ಪ್ರೀಮಿಯಂ ತೆರಬೇಕು.